ತೊಳೆದಿಟ್ಟ ಡಬರಿ

ಫ್ರಿಜ್ಜಿನ ಬಾಗಿಲು ತೆಗೆದರೆ ರೂಪಶ್ರೀಯ ಮುಖಕ್ಕೆ ತಂಪು ತಾಗಲಿಲ್ಲ. ಒಳಗಿನ ದೀಪವೂ ಹತ್ತಲಿಲ್ಲ. ಗೋಡೆಯತ್ತ ನೋಡಿದಳು. ನಿನ್ನೆ ಸಂಜೆ ಅವಳೇ ಹಾಕಿದ್ದ ಮಿಕ್ಸಿಯ ಪ್ಲಗ್ಗು ಅಲ್ಲೇ ಇತ್ತು. ಫ್ರಿಜ್ಜಿನದು ನೆಲದ ಮೇಲೆ ಬಿದ್ದಿತ್ತು.

ಕುಣಿಗಲ್‌ನ ಆ ವೃದ್ಧಾಶ್ರಮಕ್ಕೆ ಅಡುಗೆಯವಳು ಅವಳೊಬ್ಬಳೇ. ಬೆಳಿಗ್ಗೆ ಮಗಳನ್ನು ಕ್ಯಾತ್ಸಂದ್ರದ ಹಾಸ್ಟೆಲ್ಲಿಗೆ ಬಿಟ್ಟುಬರಬೇಕಿತ್ತು. ಅದಕ್ಕೇ ಹಿಂದಿನ ಸಂಜೆಯೇ ಮೊಸರನ್ನ ಕಲಸಿ, ಎಲ್ಲರ ತಿಂಡಿಗೆಂದು ಫ್ರಿಜ್ಜಿನಲ್ಲಿಟ್ಟು, ಉಗ್ರಾಣಕ್ಕೆ ಬೀಗ ಹಾಕಿಕೊಂಡು ಹೋಗಿದ್ದಳು. ಈಗ ಬಂದು ನೋಡಿದರೆ ಡಬರಿ ಖಾಲಿ. ತೊಳೆದು ಬೋರಲು ಹಾಕಿದ್ದಾರೆ.

ಕೆಟ್ಟದ್ದನ್ನೇ ಎಲ್ಲರೂ ತಿಂದು ಮುಗಿಸಿದ್ದಾರೆ ಅಂದುಕೊಂಡಳು. ಹೋದ ತಿಂಗಳು ಹಾಲು ಹೊರಗೇ ಬಿಟ್ಟು ಕೆಡಿಸಿದ್ದಕ್ಕೆ ವಾರ್ಡನ್ ದಯಾನಂದ ಎಲ್ಲರೆದುರಿಗೇ ಹೇಳಿದ್ದ: “ಇನ್ನೊಂದ್ ಸಲ ಹಿಂಗಾದ್ರೆ ಬೇರೆ ಕೆಲ್ಸ ನೋಡ್ಕೊಳಮ್ಮ.”

ಸದ್ದಿಲ್ಲದೆ ಪ್ಲಗ್ಗು ಬದಲಿಸಿ ಹೊರಗೆ ಬಂದಳು. ಜಗಲಿಯಲ್ಲಿ ಸಿದ್ದಯ್ಯ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರು.

“ತಾತ, ಹೊಟ್ಟೆ ಹೆಂಗಿದೆ?”

“ಹಗುರವಾಗೈತೆ ಕಣವ್ವ.”

ಒಳಗೆ ಜೈನಬ್ ಬೀ ಹೊಟ್ಟೆ ಹಿಡಿದು ಮಗ್ಗುಲಾಗಿದ್ದರು. “ಒಸಿ ಗುರುಗುಟ್ತಾ ಇದೆ ಬೇಟಿ, ಅಷ್ಟೇ.”

ಶುರುವಾಯಿತು ಅಂದುಕೊಂಡಳು ರೂಪಶ್ರೀ. ಡಾಕ್ಟರನ್ನು ಕರೆದರೆ ವಾರ್ಡನ್‌ಗೆ ತಿಳಿಯುತ್ತದೆ. ಕರೆಯದಿದ್ದರೆ ಈ ಜೀವಗಳ ಗತಿಯೇನು? ಫೋನು ಕೈಗೆತ್ತಿಕೊಂಡಳು, ಕೆಳಗಿಟ್ಟಳು. ಕೆಟ್ಟ ಅನ್ನ ತಿಂದ ಹೊಟ್ಟೆಗಳ ಮೇಲೆ ಮತ್ತೆ ಭಾರ ಹಾಕಬಾರದೆಂದು, ಮಧ್ಯಾಹ್ನ ಅನ್ನ ಸಾರು ಮಾಡದೆ ನೀರಿನಂಥ ಗಂಜಿಯ ತಿಳಿ ಮಾತ್ರ ಕೊಟ್ಟಳು.

“ಬಿಸ್ಲು ಜಾಸ್ತಿ. ಇವತ್ತು ಇಷ್ಟೇ ಸಾಕು.”

ಎಲ್ಲರೂ ಲೋಟ ಎತ್ತಿ ಕೊನೆಯ ಹನಿಯವರೆಗೂ ಕುಡಿದರು.

ಸಂಜೆಯಾದರೂ ಒಬ್ಬರೂ ವಾಂತಿ ಮಾಡಲಿಲ್ಲ. ಆದರೆ ಎಲ್ಲರೂ ಬಾಡಿ ಕೂತಿದ್ದರು. ಅವಳಿಗೆ ತಡೆಯಲಾಗಲಿಲ್ಲ. ಸಿದ್ದಯ್ಯನವರ ಕಾಲ ಬಳಿ ಕೂತಳು.

“ತಾತ, ಬೆಳಿಗ್ಗೆ ಮೊಸರನ್ನ ಕೆಟ್ಟಿತ್ತು. ಫ್ರಿಜ್ ಆಫ್ ಆಗಿತ್ತು. ತಪ್ಪು ನಂದೇ.”

“ಗೊತ್ತು ಕಣವ್ವ. ಮುಚ್ಚಳ ತೆಗೀತಿದ್ದಂಗೇ ವಾಸ್ನೆ ಬಂತು. ವಾರ್ಡನ್ ಕಂಡ್ರೆ ನಿನ್ನ ಕಳಿಸ್ಬಿಡ್ತಾರೆ ಅಂತ ಜೈನಬಮ್ಮ ಅಷ್ಟನ್ನೂ ಹಿತ್ಲಲ್ಲಿ ಸುರಿದು ಪಾತ್ರೆ ತೊಳೆದಿಟ್ರು.”

ರೂಪಶ್ರೀ ತಲೆಯೆತ್ತಿದಳು. “ಮತ್ತೆ... ನೀವೆಲ್ಲ ಏನ್ ತಿಂದ್ರಿ?”

“ನೀನು ಬಂದು ಅನ್ನ ಮಾಡ್ತೀಯ ಅಂತ ಕಾಯ್ತಾ ಇದೀವಿ.”