ಷಡ್ಡಕರ ನೆಲಮಾಳಿಗೆ

ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಷಡ್ಡಕರಿದ್ದರಂತೆ. ಹಿರಿಯ ಅಳಿಯನ ನೆಲಮಾಳಿಗೆಯಲ್ಲಿ ಹೋಂ ಥಿಯೇಟರ್ ಇತ್ತು. ಭಾನುವಾರ ಬಂತೆಂದರೆ ಅತ್ತೆ, ಮಾವ, ಭಾವಮೈದುನರ ಸಂಸಾರಗಳೆಲ್ಲ ಅಲ್ಲಿಯೇ ಸೇರಿ, ಸಿನಿಮಾ ನೋಡಿ, ಉಂಡು ಹೋಗುತ್ತಿದ್ದವು. ಆ ಬಳಗ ತನ್ನ ಮನೆಯ ಮುಂದೆಯೇ ಹಾದು ಅತ್ತ ಸಾಗುವುದನ್ನು ಕಂಡಾಗಲೆಲ್ಲ ಕಿರಿಯ ಅಳಿಯನ ಹೊಟ್ಟೆ ಉರಿಯುತ್ತಿತ್ತು. ಕಡೆಗೆ ತಾನೂ ವಿಶಾಲವಾದೊಂದು ನೆಲಮಾಳಿಗೆ ಕಟ್ಟಿಸಿ, ಹೆಂಡತಿಯೊಡನೆ ಅಂಗಡಿಗೆ ಹೋದ. ಅವಳು ಭಾವನನ್ನೂ ಕರೆದಿದ್ದಳು.

"ಗೋಡೆ ತುಂಬೋ ಸ್ಕ್ರೀನೇ ತಗೊಳ್ಳಿ," ಎಂದ ಹಿರಿಯ ಅಳಿಯ. "ಇದರ ಮುಂದೆ ನಮ್ಮನೇದು ಕರ್ಚೀಫು."

ಕಿರಿಯವನು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ: "ತನ್ನದಕ್ಕಿಂತ ದೊಡ್ಡದನ್ನ ಯಾರಾದ್ರೂ ಕೊಡಿಸ್ತಾರೇನೇ? ಏನೋ ಮಸಲತ್ತಿದೆ."

"ಭಾವಂಗೆ ನಿಮ್ಮ ಥರ ಹೊಟ್ಟೆಕಿಚ್ಚಿಲ್ಲ, ಸುಮ್ನಿರಿ."

ಆ ಮಾತಿಗೆ ಅವನು ಮತ್ತಷ್ಟು ಉರಿದುಹೋದ. ಷಡ್ಡಕ ತೋರಿಸಿದ ಸ್ಪೀಕರುಗಳನ್ನು ಪಕ್ಕಕ್ಕೆ ಸರಿಸಿ, ಅವಕ್ಕಿಂತ ಎತ್ತರದ ಜೋಡಿಯನ್ನು ಆರಿಸಿದ.

ಮೊದಲ ಭಾನುವಾರ ಇಡೀ ಬಳಗ ಅವನ ಮನೆಗೆ ಬಂದಿತು. ಮಾವನವರು ಮೆತ್ತನೆಯ ಕುರ್ಚಿಯಲ್ಲಿ ಒರಗಿ, "ಥಿಯೇಟರ್ ಅಂದ್ರೆ ಇದಪ್ಪಾ!" ಎಂದರು. ಅದನ್ನು ಕೇಳಿದ ಷಡ್ಡಕನ ಮುಖ ಹೇಗಾಗಿರಬಹುದೆಂದು ನೋಡಲು ಕಿರಿಯ ಅಳಿಯ ಸುತ್ತಲೂ ಹುಡುಕಿದ.

"ಅವರೆಲ್ಲಿ ಅತ್ತೆ, ಕಾಣ್ತಾನೇ ಇಲ್ಲ?"

"ನಿಮಗೆ ಹೇಳಿಲ್ವಾ ಅಳಿಯಂದ್ರೆ? ಇನ್ಮೇಲೆ ಪ್ರತಿ ಭಾನುವಾರ ಸಿನಿಮಾ, ಊಟ ಎಲ್ಲಾ ನಿಮ್ಮನೇಲೇ ಅಂತ ನಮಗೆಲ್ಲ ಫೋನ್ ಮಾಡಿ, ತಮ್ಮ ಸ್ಕ್ರೀನ್ ಬಿಚ್ಚಿಸಿ, ಗಂಡ ಹೆಂಡತಿ ಇಬ್ರೇ ಆರಾಮಾಗಿ ನಂದಿಬೆಟ್ಟಕ್ಕೆ ಹೋದ್ರು."