ಐದನೆಯ ಸುತ್ತಿನ ಚೀಟಿ

ಟಪ್ ಎಂದು ಸಣ್ಣ ಸದ್ದಾಯಿತು. ಬಿಸ್ಕತ್ತಿನ ತಗಡಿನ ಡಬ್ಬಿಗೆ ಕೊನೆಯ ಚೀಟಿ ಬಿದ್ದಿತ್ತು. ರಾತ್ರಿ ಹತ್ತೂವರೆ ದಾಟಿದ್ದರೂ ಗಂಗಾನಗರದ ಆ ಎಂಟು ಮನೆಗಳ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಯಾರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ನೂರ್‌ಜಹಾನ್ ಚೀಟಿ ಬಿಚ್ಚಿ, ಎರಡು ಗುಡ್ಡೆ ಮಾಡಿ, ಹಣೆ ಚಚ್ಚಿಕೊಂಡರು. “ಗುರುಪಾದಪ್ಪ ಸಾರ್‌ಗೆ ನಾಲ್ಕು, ರಘುನಾಥ್ ಸಾರ್‌ಗೆ ನಾಲ್ಕು. ನಾಲ್ಕನೇ ಸಲಾನೂ ಅದೇ ಕಣ್ರೀ!”

“ನನಗೇನ್ ಅಸೋಸಿಯೇಷನ್ ಅಧ್ಯಕ್ಷ ಆಗೋ ಹುಚ್ಚಿಲ್ಲಪ್ಪ. ಜನ ಬಿಡ್ತಿಲ್ಲ, ಅಷ್ಟೇ,” ಎಂದರು ರಘುನಾಥ್.

“ನನಗರ ಎಲ್ಲೈತ್ರಿ ಆಸೆ?” ಎಂದರು ಗುರುಪಾದಪ್ಪ. “ಆದ್ರ ಹಿಂದ ಸರಿಯೂದು ನಮ್ಮ ಮನೆತನದಾಗ ಇಲ್ಲ.”

ಬೋರ್‌ವೆಲ್ಲಿನ ಮೋಟಾರು ಸುಟ್ಟು ಎರಡು ದಿನವಾಗಿತ್ತು; ಟ್ಯಾಂಕಿನಲ್ಲಿದ್ದ ನೀರೂ ನಿನ್ನೆ ರಾತ್ರಿಗೆ ಮುಗಿದಿತ್ತು. ಹೋದ ತಿಂಗಳು ಒಂದು ಗುಂಪು ಮೆಕ್ಯಾನಿಕ್ ಉಜೈರ್‌ನನ್ನು ಕರೆಸಿ ಮೋಟಾರನ್ನು ಮೇಲೆತ್ತಿಸಿದರೆ, ಇನ್ನೊಂದು ಗುಂಪು ಅವನನ್ನು ಗದರಿಸಿ ಅದನ್ನು ಮತ್ತೆ ಒಳಗಿಳಿಸಿತ್ತು. ಅಂದಿನಿಂದ ಅವನದು ಒಂದೇ ಹಟ: ಅಧ್ಯಕ್ಷರು ಅಂತ ಒಬ್ಬರು ಫೋನ್ ಮಾಡಲಿ, ಎಷ್ಟು ಹೊತ್ತಾದರೂ ಬರ್ತೀನಿ.

ಚೀಟಿ ಹಾಕಲು ಕೆಳಗೆ ಕೂತಿದ್ದರೂ ಕೀರ್ತಿಯ ಜೀವವೆಲ್ಲ ಮೇಲೆ ತನ್ನ ಮನೆಯಲ್ಲಿತ್ತು. ಅತ್ತೆ ಈರವ್ವ ಸ್ನಾನ, ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಹಾಕುವವರಲ್ಲ. ಕ್ಯಾನಿನ ನೀರು ತರಿಸಿದರೆ “ಅಂಗಡಿ ನೀರಾಗ ಎಂಥಾ ಪೂಜಿ?” ಎಂದು ಮುಖ ತಿರುಗಿಸಿ, ಇಡೀ ದಿನ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ನುಂಗದೆ ಕೂತಿದ್ದರು. ನಾಳೆಯೂ ಹೀಗೇ ಆದರೆ ಗತಿಯೇನು? ಇತ್ತ ಬಾಗಲಕೋಟೆಗೆ ಹೋಗಿದ್ದ ಗಂಡ ವಿರೂಪಾಕ್ಷ ಸಂಜೆಯೇ ಫೋನಿನಲ್ಲಿ ಕಟ್ಟುನಿಟ್ಟು ಮಾಡಿದ್ದ: “ಗುರುಪಾದಪ್ಪ ಕಾಕಾಗ ಹಾಕು. ನಮಗ ಈ ಮನಿ ಹುಡುಕಿ ಕೊಟ್ಟಾವ್ರು ಅವರು.” ನಾಲ್ಕು ಸುತ್ತಿನಲ್ಲೂ ಅವಳು ಗುರುಪಾದಪ್ಪನವರ ಹೆಸರನ್ನೇ ಬರೆದಿದ್ದಳು.

“ಕೀರ್ತಿ ಮೇಡಂ, ನೀವು ಕಾಲೇಜಲ್ಲಿ ಹಿಸ್ಟರಿ ಹೇಳ್ಕೊಡ್ತೀರಲ್ಲ. ಇಂಥದ್ದು ಎಲ್ಲೂ ಆಗಿಲ್ವಾ?” ನೂರ್‌ಜಹಾನ್ ಕೇಳಿದರು.

ಕೀರ್ತಿ ಎಂದಿನಂತೆ ಮಾತನ್ನು ಒಂದು ಸಲ ಮನಸ್ಸಿನಲ್ಲೇ ಆಡಿ ನೋಡಿಕೊಂಡಳು. “ಆಗಿದೆ. ಅಮೆರಿಕದಲ್ಲಿ, ಆರನೇ ಕಾಂಗ್ರೆಸ್ಸಲ್ಲಿ.”

“ಅಲ್ಲೂ ಕಾಂಗ್ರೆಸ್ಸಾ?” ರಘುನಾಥ್ ಹುಬ್ಬೇರಿಸಿದರು.

“ಪಕ್ಷ ಅಲ್ಲ ಸಾರ್, ಅವರ ಪಾರ್ಲಿಮೆಂಟಿಗೆ ಆ ಹೆಸರು. ಸಾವಿರದ ಎಂಟುನೂರ ಒಂದರಲ್ಲಿ ಅಧ್ಯಕ್ಷ ಪದವಿಗೆ ಇಬ್ಬರು ಸಮಸಮ ಬಂದ್ರು. ತೀರ್ಮಾನ ಈ ಸಭೆಗೆ ಬಿತ್ತು. ಎಷ್ಟು ಸಲ ಮತ ಹಾಕಿದ್ರೂ ಯಾರಿಗೂ ಬಹುಮತ ಇಲ್ಲ. ಸಭೆಯ ಅವಧಿ ಮುಗಿಯೋಕೆ ಎರಡೇ ವಾರ. ಹೊರಗೆ ಹಿಮ. ಜ್ವರ ಬಂದಿದ್ದ ಒಬ್ಬ ಸದಸ್ಯರನ್ನ ಹಾಸಿಗೆ ಸಮೇತ ಹೊತ್ಕೊಂಡು ಬಂದು ಮತ ಹಾಕಿಸಿದ್ರು.”

“ಆಮ್ಯಾಲ?” ಗುರುಪಾದಪ್ಪ ಮುಂದಕ್ಕೆ ಬಾಗಿದರು.

“ಮೂವತ್ತಾರನೇ ಸುತ್ತಲ್ಲಿ ಕೆಲವರು, ದೇಶಕ್ಕಿಂತ ಹಟ ದೊಡ್ಡದಲ್ಲ ಅಂತ, ತಮ್ಮ ಕಡೆಯವನಿಗೆ ಮತ ಹಾಕದೆ ಖಾಲಿ ಚೀಟಿ ಹಾಕಿದ್ರು. ಗಂಟು ಬಿಚ್ಕೊಂಡ್ತು.”

ಎಲ್ಲರ ಮುಖದ ಮೇಲೂ ಒಂದು ಗಾಂಭೀರ್ಯ ಬಂದು ಕೂತಿತು. ರಘುನಾಥ್ ಕನ್ನಡಕ ತೆಗೆದು ಒರೆಸಿಕೊಂಡರು. ನೂರ್‌ಜಹಾನ್ ಹೊಸ ಚೀಟಿ ಹಂಚಿದರು.

ಕೀರ್ತಿಗೆ ಆ ಗಾಂಭೀರ್ಯದ ಮೇಲೆ ನಂಬಿಕೆ ಬರಲಿಲ್ಲ. ಹತ್ತು ವರ್ಷ ಪಾಠ ಹೇಳಿದವಳು. ತ್ಯಾಗದ ಕಥೆಗೆ ತಲೆದೂಗುವವರು ಬೇರೆ, ಬಿಟ್ಟುಕೊಡುವವರು ಬೇರೆ ಎಂದು ಅವಳಿಗೆ ಗೊತ್ತಿತ್ತು. ಯಾರೂ ಜಗ್ಗುವುದಿಲ್ಲ, ಮತ್ತೆ ನಾಲ್ಕು ನಾಲ್ಕೇ. ಮೇಲೆ ಅತ್ತೆಗೆ ತಲೆ ಸುತ್ತಲು ಶುರುವಾಗಿರಬಹುದು. ಅವಳು ಕಂಬದ ಮರೆಗೆ ಸರಿದಳು. ‘ರಘುನಾಥ್’ ಎಂದು ಬರೆದವಳೇ ಚೀಟಿಯನ್ನು ಚಿಕ್ಕದಾಗಿ ಮಡಚಿ ಡಬ್ಬಿಗೆ ಹಾಕಿಬಿಟ್ಟಳು.

ನೂರ್‌ಜಹಾನ್ ಎಣಿಕೆಗೆ ಕೂತರು. “ಇದು ಖಾಲಿ... ಇದೂ ಖಾಲಿ...” ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿದರು. “ಖಾಲಿ. ಯಾ ಅಲ್ಲಾ, ಎಲ್ಲರೂ ಅಮೆರಿಕದವರೇ ಆಗ್ಬಿಟ್ರಾ?” ಏಳು ಚೀಟಿ ಖಾಲಿ. ಒಂದರಲ್ಲಿ ಮಾತ್ರ ಹೆಸರಿತ್ತು. “ರಘುನಾಥ್ ಸಾರ್, ಒಂದು ವೋಟಲ್ಲಿ ಗೆದ್ರಿ!”

ಒಂದು ಗಳಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎದ್ದ ನಗೆಗೆ ಎದುರು ಮನೆಯ ನಾಯಿ ಬೊಗಳಿತು.

“ಅಧ್ಯಕ್ಷರೇ, ನಿಮಗೆ ನೀವೇ ಹಾಕ್ಕೊಂಡ್ರಾ?” ಹಿಂದಿನಿಂದ ಯಾರೋ ಕೂಗಿದರು.

“ಅಮ್ಮನಾಣೆ ನಂದು ಖಾಲಿ ಕಣ್ರೀ!” ರಘುನಾಥರ ಕಿವಿ ಕೆಂಪಾಗಿತ್ತು.

“ಇರ್ಲಿ ಬಿಡಿ ಸಾರ್, ಮೊದ್ಲು ಉಜೈರ್‌ಗೆ ಫೋನ್ ಮಾಡಿ,” ಎಂದರು ನೂರ್‌ಜಹಾನ್.

ರಘುನಾಥ್ ಗಂಟಲು ಸರಿಮಾಡಿಕೊಂಡು, “ಹಲೋ, ಅಧ್ಯಕ್ಷರು ಮಾತಾಡ್ತಿರೋದು,” ಎಂದಾಗ ಮತ್ತೊಂದು ಸಲ ನಗೆ ಎದ್ದಿತು. ಕೀರ್ತಿಗೆ ಮಾತ್ರ ನಗು ಅರ್ಧಕ್ಕೇ ನಿಂತಿತು. ವಿಷಯ ಕಾಕಾನ ಕಿವಿಗೆ ಬಿದ್ದರೆ? ಅಲ್ಲಿಂದ ಗಂಡನಿಗೆ ಮುಟ್ಟಿದರೆ? ಅರ್ಧ ಗಂಟೆಯಲ್ಲಿ ಉಜೈರ್‌ನ ವ್ಯಾನು ಗೇಟಿನೊಳಗೆ ಬಂದದ್ದನ್ನು ನೋಡಿಕೊಂಡು, ಅವಳು ಯಾರ ಕಣ್ಣಿಗೂ ಬೀಳದಂತೆ ಮೆಟ್ಟಿಲ ಕಡೆ ನಡೆದಳು.

“ಕೀರ್ತವ್ವಾ, ನಿಲ್ಲು.”

ಗುರುಪಾದಪ್ಪ. ಅವರು ಅತ್ತಿತ್ತ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದರು.

“ನಿನ್ನ ಕಥಿ ಕೇಳಿ ನನ್ನ ಮನಸು ಕರಗಿಬಿಡ್ತವಾ. ಆ ರಘುನಾಥನ ಹೆಸರು ಬರದಾಂವ ನಾನಽ. ಬರಿಯೋವಾಗ ಕರುಳು ಕಿತ್ತಂಗಾತು. ಆದ್ರೂ ಬರದೆ.” ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. “ಯಾರ ಮುಂದೂ ಹೇಳಬ್ಯಾಡ. ವಿರೂಪಾಕ್ಷನ ಮುಂದೂ ಬ್ಯಾಡ.”

“ಇಲ್ರಿ ಕಾಕಾ, ಯಾರ ಮುಂದೂ ಹೇಳಂಗಿಲ್ಲ,” ಎಂದು ಕೀರ್ತಿ ಮನಃಪೂರ್ವಕವಾಗಿ ಮಾತು ಕೊಟ್ಟಳು.