ಎಡಗಡೆಯ ಟೈರುಗಳು

"ಮೊಳೆ ಅಲ್ಲ, ಗಾಜಲ್ಲ, ಗುಂಡಿಗೆ ಬಿದ್ದದ್ದೂ ಅಲ್ಲ," ಎಂದ ಟೈರಿನಂಗಡಿಯವನು, ಬಿಚ್ಚಿದ ಗಾಲಿಯನ್ನು ಬೆಳಕಿಗೆ ತಿರುಗಿಸುತ್ತ. ನೆಲಕ್ಕೆ ತಾಗುವ ಭಾಗ ಚೆನ್ನಾಗೇ ಇತ್ತು. ಸವೆದದ್ದು ಟೈರಿನ ಹೊರಗಿನ ಪಕ್ಕ, ಒಳಗಿನ ನೂಲು ಕಾಣುವಷ್ಟು. ಅದೂ ಎಡಗಡೆಯ ಎರಡರಲ್ಲಿ ಮಾತ್ರ. ಬಲಗಡೆಯವಕ್ಕೆ ಒಂದು ಗೀರೂ ಇರಲಿಲ್ಲ.

"ಮತ್ತೇನು ಕಾರಣ?" ಎಂದಳು ಕಾರು ತಂದಿದ್ದ ನರ್ಸ್. ಕಾರಣ ಸಿಗುವ ತನಕ ಅವಳಿಗೆ ಊಟ ಸೇರುವುದಿಲ್ಲ. ಆಸ್ಪತ್ರೆಯಲ್ಲೂ ಅಷ್ಟೇ, ಮನೆಯಲ್ಲೂ ಅಷ್ಟೇ.

"ಕಲ್ಲಿಗೆ ತೀಡಿರೋದು ಅಕ್ಕ. ಒಂದ್ಸಲ ಎರಡ್ಸಲ ಅಲ್ಲ. ಗಾಡಿ ಯಾರು ಓಡಿಸೋದು?"

"ನಮ್ಮಪ್ಪ. ಬಸ್ ಡ್ರೈವರ್ ಆಗಿದ್ದವರು."

"ಆಗ ಆಗಿದ್ರು," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿ, ಅವನು ಹೊಸ ಟೈರು ತರಲು ಒಳಗೆ ಹೋದ.

ಇಕ್ಕಟ್ಟಿನ ಓಣಿಯಲ್ಲಿ ಅಷ್ಟುದ್ದದ ಬಸ್ಸನ್ನು ಹೂವೆತ್ತಿದ ಹಾಗೆ ತಿರುಗಿಸುತ್ತಿದ್ದ ಅಪ್ಪ. ಅಮ್ಮನ ಕಣ್ಣಂತೂ ಹೋದ ಹಾಗೇ. ಎದುರಿನದು ಕಾಣುತ್ತದೆ, ಕಾಲಬುಡದ್ದು ಕಾಣುವುದಿಲ್ಲ, ಇನ್ನು ಸರಿಹೋಗುವಂಥದ್ದಲ್ಲ ಎಂದು ಡಾಕ್ಟರೇ ಹೇಳಿಬಿಟ್ಟಿದ್ದರು. ಈಗ ಅಪ್ಪನಿಗೂ ಶುರುವಾಯಿತೇ? ಆ ಕಣ್ಣಲ್ಲಿ ಅಮ್ಮನನ್ನು ಕೂರಿಸಿಕೊಂಡು ಊರು ಸುತ್ತುತ್ತಿದ್ದಾರಲ್ಲ ಎಂದು ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

ಮನೆಯಲ್ಲಿ ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಮಗಳು ನೇರವಾಗಿಯೇ ಕೇಳಿದಳು. "ಅಪ್ಪ, ಎಡಗಡೆ ನಿಮಗೆ ಸರಿಯಾಗಿ ಕಾಣುತ್ತಾ?"

ಅಪ್ಪ ಒಮ್ಮೆ ಹೆಂಡತಿಯ ಕಡೆ ನೋಡಿದರು. "ಇಲ್ಲ ಕಣಮ್ಮ. ಈಚೆಗೆ ಸ್ವಲ್ಪ ಮಂಜು ಮಂಜು."

ಜ್ವರದಲ್ಲಿ ನಡುಗುತ್ತಿದ್ದರೂ 'ನನಗೇನಾಗಿದೆ' ಎನ್ನುವ ಅಪ್ಪ ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಅವಳಿಗೆ ವಿಚಿತ್ರವೆನಿಸಿತು. ಆದರೂ ಬಿಡಲಿಲ್ಲ. "ಹಾಗಾದ್ರೆ ಇನ್ಮೇಲೆ ಕಾರಿನ ಕೀಲಿ ನನ್ನ ಹತ್ರ ಇರಲಿ."

"ಇರಲಿ. ನಾಳೆ ಒಂದಿನ ಲೈಬ್ರರಿಗೆ ಹೋಗಿಬಂದು ಕೊಟ್ಟುಬಿಡ್ತೀನಿ."

"ನಾನೂ ಹಿಂದೆ ಕೂತ್ಕೊಂಡು ಬರ್ತೀನಿ."

ಅಮ್ಮನ ಕೈಯಲ್ಲಿದ್ದ ದಿಂಬಿನ ಚೀಲ ಅರ್ಧ ಮಡಚಿದಂತೆಯೇ ನಿಂತಿತ್ತು.

ವಾರಕ್ಕೊಮ್ಮೆ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಹೇಳುವುದು ಅಮ್ಮನ ಜೀವ. ಒಮ್ಮೆ ಅಲ್ಲೇ, ಕಾರಿಗೂ ಫುಟ್‌ಪಾತಿಗೂ ನಡುವಿನ ಸಂದಿಯಲ್ಲಿ ಕಾಲಿಟ್ಟು ಮಕ್ಕಳೆದುರಿಗೇ ಬಿದ್ದಿದ್ದಳು. ಯಾರ ಕೈ ಹಿಡಿದುಕೊಂಡೂ ಹೋಗುವುದಿಲ್ಲ ಎಂದು ಹಟ ಹಿಡಿದು ಎಷ್ಟೋ ದಿನ ಮನೆಯಲ್ಲೇ ಕೂತಿದ್ದಳು. ಆಮೇಲೆ ಅದೇನಾಯಿತೋ, ಮತ್ತೆ ಹೊರಟಿದ್ದಳು. ಪಾಳಿಯ ಕೆಲಸದ ಮಗಳಿಗೆ ಅದನ್ನು ವಿಚಾರಿಸುವಷ್ಟು ಪುರುಸೊತ್ತಿರಲಿಲ್ಲ.

ಮರುದಿನ ಮಗಳು ಹಿಂದಿನ ಸೀಟಿನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕೂತಳು. ಅಪ್ಪ ಎಲ್ಲೂ ತಪ್ಪಲಿಲ್ಲ. ಎಡಗಡೆಯಿಂದ ನುಗ್ಗಿದ ಸೈಕಲ್ಲನ್ನು ಅವಳಿಗಿಂತ ಮೊದಲೇ ಕಂಡರು. ಆದರೆ ಲೈಬ್ರರಿಯ ಮುಂದೆ ಬಂದಾಗ ಕಾರು ತೀರ ನಿಧಾನವಾಗಿ ಪಕ್ಕಕ್ಕೆ ಸರಿಯಿತು. ಅಪ್ಪ ಉಸಿರು ಬಿಗಿಹಿಡಿದು ಕನ್ನಡಿ ನೋಡುತ್ತಿದ್ದರು. ನಿನ್ನೆ ತಾನೇ ಹಾಕಿಸಿದ ಟೈರು ಫುಟ್‌ಪಾತಿನ ಕಲ್ಲಿಗೆ ತೀಡಿ ಕರ್ರೆಂದಿತು. ಆಗ ಕಾರು ನಿಂತಿತು.

ಅಮ್ಮ ಬಾಗಿಲು ತೆಗೆದು, ಕೆಳಗೆ ನೋಡದೆ ಕಾಲು ಹೊರಗಿಟ್ಟಳು. ಕಾಲು ನೇರ ಫುಟ್‌ಪಾತಿನ ಮೇಲೇ ಬಿತ್ತು. ಸೆರಗು ಸರಿಮಾಡಿಕೊಂಡು, ಯಾರ ಕೈಯನ್ನೂ ಹಿಡಿಯದೆ ರಾಣಿಯ ಹಾಗೆ ಒಳಗೆ ನಡೆದಳು.

ಮಗಳು ಇಳಿದು ಬಗ್ಗಿ ನೋಡಿದಳು. ಕಾರಿಗೂ ಕಲ್ಲಿಗೂ ನಡುವೆ ಕೂದಲೆಳೆಯಷ್ಟೂ ಜಾಗವಿರಲಿಲ್ಲ.

"ಫುಟ್‌ಪಾತ್ ಅಗಲ ಮಾಡಿದಾರೆ, ಈಗ ಸಂದೇ ಇಲ್ಲ ಅಂತ ನಿಮ್ಮಮ್ಮನಿಗೆ ಹೇಳಿ ಕರ್ಕೊಂಡು ಬಂದಿದ್ದೆ," ಎಂದರು ಅಪ್ಪ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. "ಸುಳ್ಳು ಅಂತ ಗೊತ್ತಾದ್ರೆ ಮತ್ತೆ ಮನೆ ಬಿಟ್ಟು ಹೊರಡಲ್ಲ ಅವಳು. ಕೀಲಿ ಬೇಕಾದ್ರೆ ನೀನೇ ಇಟ್ಕೊ. ಆದ್ರೆ ನಿಲ್ಲಿಸೋದು ಮಾತ್ರ ಹೀಗೇ ನಿಲ್ಲಿಸು."

ಅವಳು ಕೀಲಿಯ ಮಾತು ಮತ್ತೆ ಎತ್ತಲಿಲ್ಲ.

ಕಥೆ ಮುಗಿದ ಮೇಲೆ ಅಮ್ಮನನ್ನು ಕರೆಯಲು ಒಳಗೆ ಹೋದಳು. ಬಾಗಿಲ ಬಳಿ ಅಮ್ಮನೇ ಅವಳ ತೋಳು ಹಿಡಿದು ನಿಲ್ಲಿಸಿ ಪಿಸುಗುಟ್ಟಿದಳು.

"ಕೀಲಿ ಕಸ್ಕೋಬೇಡ ಕಣೆ. ಅವರ ಕಣ್ಣು ಚೆನ್ನಾಗಿದೆ."

"ನಿನಗೆ ಹೇಗಮ್ಮ ಗೊತ್ತು?"

"ಹೋಗಿರೋದು ನನ್ನ ಕಣ್ಣು, ಕಿವಿಯಲ್ಲ. ಟೈರು ಕಲ್ಲಿಗೆ ತೀಡೋದು ಮೊದಲನೇ ದಿನಾನೇ ಕೇಳಿಸ್ತು. ಕೇಳಿಸ್ತು ಅಂದ್ರೆ ಅವರ ಮುಖ ಸಣ್ಣದಾಗುತ್ತೆ ಅಂತ ಸುಮ್ಮನಿದೀನಿ."

ಹೊರಗೆ ಬಂದ ಅಮ್ಮ ಮೂಗಿನ ನೇರಕ್ಕೆ ನೋಡುತ್ತ ಫುಟ್‌ಪಾತಿನಿಂದ ಸೀದಾ ಕಾರಿನೊಳಗೆ ಕಾಲಿಟ್ಟಳು. ಕೂತು, ಬಾಗಿಲು ಎಳೆದುಕೊಂಡು, ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು.

"ಏನೇ ಹೇಳಿ, ನಮ್ಮ ಪುರಸಭೆಯವರು ಇದೊಂದು ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿದಾರೆ ಕಣ್ರೀ."

"ಹೂಂ," ಎಂದು ಅಪ್ಪ ಕಾರು ಶುರುಮಾಡಿದರು. ಕನ್ನಡಿಯಲ್ಲಿ ಅವರ ಮುಖ ಮಗಳಿಗೆ ಕಾಣಿಸಿತು. ಆ ಕೆಲಸ ನಿಜವಾಗಿಯೂ ಮಾಡಿಸಿದ್ದರೂ ಪುರಸಭೆಯ ಅಧ್ಯಕ್ಷರಿಗೆ ಅಷ್ಟು ಹೆಮ್ಮೆ ಇರುತ್ತಿರಲಿಲ್ಲ.